ಸೇತುವೆ ಜಾರೀತು, ಭಾವ ಹಾಡಿಯಾರು!

ನಮ್ಮ ಭಾವ ಒಬ್ಬ ರಾಕ್ ಸ್ಟಾರ್ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ. ನ್ಯೂಜೆರ್ಸಿ, ನ್ಯೂಯಾರ್ಕ್ ಎರಡೂ ಸೇರಿ ಅದನ್ನು ನಂಬಿದವರು ನಾಲ್ಕೇ ಜನ. ಅದರಲ್ಲಿ ಇಬ್ಬರು ವಾದ್ಯದ ಸಮೇತ ಅವರ ಪಕ್ಕದಲ್ಲೇ ಇರುತ್ತಾರೆ. ಮೂರನೆಯವಳು ನಮ್ಮಕ್ಕ, ತಾಳಿ ಕಟ್ಟಿಸಿಕೊಂಡ ಮೇಲೆ ಅವಳಿಗೆ ಬೇರೆ ದಾರಿಯಾದರೂ ಎಲ್ಲಿದೆ? ನಾಲ್ಕನೆಯವನ ಕಥೆ ಸ್ವಲ್ಪ ತಡೆದು ಹೇಳುತ್ತೇನೆ.

ಹಾಗೆ ನೋಡಿದರೆ ‘ರಾಕ್’ ಎಂಬ ಪದ ಕೇಳಿದರೇ ಭಾವನಿಗೆ ಸಿಟ್ಟು.

“ರಾಕ್ ಅಲ್ಲ ಕಣೆ. ಗಿಟಾರ್ ಪಾಪ್. ಇಂಡಿಪೆಂಡೆಂಟ್ ಗಿಟಾರ್ ಪಾಪ್!”

“ಇಂಡಿಪೆಂಡೆಂಟ್ ಅಂದ್ರೆ ಏನು ಭಾವ?”

“ಯಾವ ಕಂಪನಿಯವರ ಮಾತೂ ನಾವು ಕೇಳಬೇಕಾಗಿಲ್ಲ ಅಂತ.”

ಅಡುಗೆಮನೆಯಿಂದ ಅಕ್ಕನ ದನಿ ತೇಲಿ ಬಂತು: “ಯಾವ ಕಂಪನಿಯವರೂ ಇವರ ಹಾಡು ಕೇಳಬೇಕಾಗಿಲ್ಲ ಅಂತಾನೂ ಹೌದು!”

ಭಾವನ ಉದ್ಯೋಗ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಸೇತುವೆಗಳ ತಪಾಸಣೆ. ಹಡ್ಸನ್ ನದಿಯ ಮೇಲಿನ ಭಾರಿ ಸೇತುವೆಗಳೆಂದುಕೊಂಡು ಬೆರಗಾಗಬೇಡಿ. ಕಾರಿನಲ್ಲಿ ದಾಟಿದ್ದು ನಮಗೇ ಗೊತ್ತಾಗದಂಥ, ಹಳ್ಳಗಳ ಮೇಲಿನ ಪುಟಾಣಿ ಸೇತುವೆಗಳು. ಕಿತ್ತಳೆ ಬಣ್ಣದ ಮಿರಿಮಿರಿ ಜಾಕೆಟ್ ತೊಟ್ಟು ಅವುಗಳ ಹೊಟ್ಟೆಯಡಿ ನುಸುಳಿ, ಸುತ್ತಿಗೆಯಿಂದ ಕಾಂಕ್ರೀಟನ್ನು ಕುಟ್ಟಿ, ಕಿವಿಗೊಟ್ಟು ಕೇಳುವುದು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಪೊಳ್ಳು. ಅವರು ಕಲಿತ ಶಾಸ್ತ್ರೀಯ ಸಂಗೀತ ಇಷ್ಟೇ ಎಂದು ಅಕ್ಕ ಹೇಳುತ್ತಾಳೆ. ಅದು ಸುಳ್ಳು. ಮಂಡ್ಯದಿಂದ ಮೈಸೂರಿಗೆ ಇಂಜಿನಿಯರಿಂಗ್ ಓದಲು ಬಂದಿದ್ದಾಗ ಹಾಸ್ಟೆಲಿನ ಹುಡುಗನೊಬ್ಬನಿಂದ ಮೂರು ಕಾರ್ಡ್ ಕಲಿತಿದ್ದರಂತೆ. ಕಾರ್ಡ್ ಅಂದರೆ ಗಿಟಾರಿನ ತಂತಿಗಳನ್ನು ಇಂತಿಂಥ ಕಡೆ ಒಟ್ಟಿಗೆ ಒತ್ತಿ ಹೊರಡಿಸುವ ಸ್ವರಗಳ ಗೊಂಚಲು. ನಾಲ್ಕನೆಯದನ್ನು ಕಲಿಸುವ ಮೊದಲೇ ಆ ಹುಡುಗ ಪಾಸಾಗಿಬಿಟ್ಟ! ಇವತ್ತಿಗೂ ಭಾವನ ಹಾಡುಗಳಲ್ಲಿ ಮೂರೇ ಕಾರ್ಡ್.

ನಾನು ಪಿಸ್ಕಾಟವೇಯ ಯೂನಿವರ್ಸಿಟಿಗೆ ಓದಲು ಬಂದಾಗ ಎರಡು ವರ್ಷ ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿದ್ದೆ. ಆ ನೆಲಮಾಳಿಗೆಯಲ್ಲಿ ನನ್ನ ಜೊತೆಗೆ ಇನ್ನಿಬ್ಬರು ಬಾಡಿಗೆದಾರರಿದ್ದರು: ಭಾವನ ಗಿಟಾರು, ಮತ್ತು ತೇವ ಹೀರುವ ಡಿಹ್ಯುಮಿಡಿಫೈಯರು. ಈ ಯಂತ್ರ ದಿನವಿಡೀ ‘ಗುಂಯ್’ ಎನ್ನುತ್ತಿತ್ತು. ಭಾವ ಆಫೀಸಿನಿಂದ ಬಂದವರೇ ಕೆಳಗಿಳಿದು ಅದರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಅದರ ಗುಂಯ್‌ಗೆ ಗಿಟಾರಿನ ಶ್ರುತಿ ಸೇರಿಸುತ್ತಿದ್ದರು. ನಮ್ಮ ಕಡೆ ತಂಬೂರಿ ಇದ್ದ ಹಾಗೆ! ಒಂದು ಬೇಸಿಗೆಯಲ್ಲಿ ಅದು ಕೆಟ್ಟು ಹೋಗಿ ಹೊಸದು ತಂದಾಗ, ಹೊಸ ಯಂತ್ರದ ಶ್ರುತಿ ಅರ್ಧ ಮನೆ ಏರಿತ್ತು. ಆ ವರ್ಷ ಭಾವ ಎಲ್ಲ ಹಾಡುಗಳನ್ನೂ ಅರ್ಧ ಮನೆ ಮೇಲಕ್ಕೆ ಏರಿಸಿಕೊಂಡು, ಗಂಟಲು ಕಟ್ಟಿಸಿಕೊಂಡರು.

ಇನ್ನು ಹಾಡುಗಳ ವಸ್ತು! ಒಂದು ಹಾಡು, ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನ ಮೀನಿನ ಮೇಲೆ. ಇನ್ನೊಂದು, ಪಕ್ಕದ ಮನೆಯವನು ಎಲೆ ಊದುವ ಯಂತ್ರದಿಂದ ತನ್ನಂಗಳದ ಎಲೆಗಳನ್ನೆಲ್ಲ ನಮ್ಮಂಗಳಕ್ಕೆ ದಾಟಿಸುವುದರ ಮೇಲೆ. ಎಲ್ಲವೂ ಇಂಗ್ಲಿಷಿನಲ್ಲಿ, ಆದರೆ ಮಂಡ್ಯದ ಇಂಗ್ಲಿಷಿನಲ್ಲಿ.

“ಭಾವ, ಒಂದಾದ್ರೂ ಲವ್ ಸಾಂಗ್ ಬರೀಬಾರ್ದಾ? ಅಕ್ಕನ ಮೇಲೆ?” ಎಂದು ಕೇಳಿದೆ.

“ಪ್ರೀತಿ ಮೇಲೆ ಬರೆಯೋಕೆ ಲೋಕದ ತುಂಬ ಜನ ಇದ್ದಾರೆ. ಡಿಹ್ಯುಮಿಡಿಫೈಯರ್ ಮೇಲೆ ಬರೆಯೋಕೆ ಯಾರಿದ್ದಾರೆ?”

ಕೇಳಿದ್ದು ನನ್ನ ತಪ್ಪು. ವಾರದೊಳಗೆ ಡಿಹ್ಯುಮಿಡಿಫೈಯರ್ ಹಾಡು ಹುಟ್ಟಿತು. ಕನ್ನಡದಲ್ಲಿ ಹೇಳುವುದಾದರೆ ಅದರ ಪಲ್ಲವಿ ಹೀಗೆ: ‘ಹಗಲೂ ಇರುಳೂ ಗೊಣಗುತ್ತೀಯೆ, ನನ್ನ ಗಾಳಿಯನ್ನೆಲ್ಲ ಕುಡಿಯುತ್ತೀಯೆ, ತುಂಬಿದಾಗ ನಿನ್ನ ಬಕೆಟ್ ಹೊರುವವನು ನಾನೇ ಅಲ್ಲವೇ?’ ಅಕ್ಕ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಇದು ಆ ಮಿಷನ್ ಬಗ್ಗೆನೇ ತಾನೆ?” ಎಂದಳು.

ಒಬ್ಬರೇ ಹಾಡಿಕೊಂಡಿದ್ದರೆ ಸ್ನಾನದ ಮನೆ ಸಾಕಿತ್ತು. ಭಾವನಿಗೆ ಬ್ಯಾಂಡೇ ಆಗಬೇಕಿತ್ತು. ಬೇರೆಯವರಾದರೆ ನ್ಯೂಯಾರ್ಕಿನ ಗಿಟಾರ್ ಅಂಗಡಿಗಳಲ್ಲಿ ವಿಚಾರಿಸುತ್ತಾರೆ. ಇವರು, “ಅಲ್ಲಿ ಕಾಂಪಿಟಿಷನ್ ಜಾಸ್ತಿ” ಎಂದು, ‘ಬೇಸ್ ಗಿಟಾರ್ ನುಡಿಸುವವರು ಬೇಕಾಗಿದ್ದಾರೆ’ ಎಂಬ ಚೀಟಿ ಬರೆದು ಐಸೆಲಿನ್‌ನ ಇಂಡಿಯನ್ ದಿನಸಿ ಅಂಗಡಿಯೊಂದರ ಬೋರ್ಡಿಗೆ ಅಂಟಿಸಿ ಬಂದರು. ಅದರ ಎಡಕ್ಕೆ ಟಿಫಿನ್ ಸರ್ವಿಸ್‌ನ ಚೀಟಿ, ಬಲಕ್ಕೆ ‘ಸಸ್ಯಾಹಾರಿ ಬ್ಯಾಚುಲರ್‌ಗಳಿಗೆ ರೂಮು’. ಹಾಗಾಗಿ ಮೊದಲ ಫೋನು ಮಾಡಿದವನು, “ಊಟದಲ್ಲಿ ಚಪಾತಿ ಎಷ್ಟು?” ಎಂದ. ಎರಡನೆಯವನು ತುಂಬ ವಿನಯದಿಂದ, “ಸಾರ್, ಈ ಪೊಸಿಷನ್‌ಗೆ ಎಚ್‌ವನ್ ವೀಸಾ ಸ್ಪಾನ್ಸರ್ ಮಾಡ್ತೀರಾ?” ಎಂದು ಕೇಳಿದ. ಮೂರನೆಯವನೇ ವಿಲ್ಲಿ.

“ನಿಮ್ಮ ಚೀಟಿ ನೋಡಿದೆ. ನನ್ನ ಹತ್ರ ಒಂದು ಬೇಸ್ ಗಿಟಾರ್ ಉಂಟು.”

“ನುಡಿಸೋಕೆ ಬರುತ್ತಾ?”

“ಅದು ಇನ್ನು ನೋಡ್ಬೇಕಷ್ಟೆ ಮಾರಾಯ್ರೆ. ಒಬ್ಬ ಗೆಸ್ಟ್ ರೂಮಲ್ಲಿ ಬಿಟ್ಟು ಹೋದದ್ದು. ಮೂರು ವರ್ಷ ಆಯ್ತು, ಜನ ವಾಪಸ್ ಬರ್ಲಿಲ್ಲ.”

ವಿಲ್ಲಿ, ಅಂದರೆ ವಿಲ್ಫ್ರೆಡ್, ಮಂಗಳೂರು ಕಡೆಯ ಕ್ಯಾಥೊಲಿಕ್. ಹೈವೇ ಪಕ್ಕದಲ್ಲಿ ಅವನದೊಂದು ಮೋಟೆಲ್. ಊರಿನಲ್ಲಿ ಚಿಕ್ಕಂದಿನಲ್ಲಿ ಚರ್ಚಿನ ಹಾಡಿನ ತಂಡದಲ್ಲಿ ಗಿಟಾರ್ ಹಿಡಿದಿದ್ದವನು. ಈಗ ದಪ್ಪ ತಂತಿಯ, ಗಂಭೀರ ದನಿಯ ಈ ಬೇಸ್ ಗಿಟಾರನ್ನು ತಾನಾಗಿಯೇ ಕಲಿತುಬಿಟ್ಟ. ಭಾವನಿಗಿಂತ ಚೆನ್ನಾಗಿಯೇ ಕಲಿತ. ಈ ಮಾತನ್ನು ಭಾವನ ಎದುರು ಆಡುವ ಹಾಗಿಲ್ಲ. ಮೋಟೆಲಿನ ಹಳೆಯ ಲಾಂಡ್ರಿ ರೂಮು ಅವರ ಅಭ್ಯಾಸದ ಕೋಣೆಯಾಯಿತು.

ಹೆಸರಿಡುವ ದಿನ ಭಾವ ಹುಮ್ಮಸ್ಸಿನಲ್ಲಿದ್ದರು. ಇಲ್ಲಿಯ ರಸ್ತೆಗಳಲ್ಲಿ ಸೇತುವೆ ಹತ್ತಿರ ಬಂದಾಗಲೆಲ್ಲ ಒಂದು ಹಳದಿ ಬೋರ್ಡು ಕಾಣುತ್ತದೆ: ‘ಬ್ರಿಡ್ಜ್ ಮೇ ಬಿ ಐಸಿ’. ಸೇತುವೆಯ ಮೇಲೆ ಹಿಮ ಗಟ್ಟಿಯಾಗಿ ಜಾರೀತು, ಜೋಕೆ ಎಂದರ್ಥ. ಬ್ಯಾಂಡಿಗೆ ಅದೇ ಹೆಸರು!

“ಯೋಚನೆ ಮಾಡಿ ನೋಡೆ, ಊರೂರಲ್ಲೂ ನಮ್ಮ ಹೆಸರಿನ ಬೋರ್ಡು ಆಗಲೇ ನೆಟ್ಟಿದ್ದಾರೆ. ಪುಕ್ಕಟೆ ಅಡ್ವರ್ಟೈಸ್‌ಮೆಂಟು!”

“ಹಾಗಿದ್ರೆ ‘ಸ್ಟಾಪ್’ ಅಂತ ಇಡಬಹುದಿತ್ತಲ್ರೀ,” ಎಂದಳು ಅಕ್ಕ. “ಅದರ ಬೋರ್ಡು ಇನ್ನೂ ಜಾಸ್ತಿ ಇದೆ. ಕೇಳಿದವರೂ ಅದನ್ನೇ ಹೇಳ್ತಾರೆ.”

ಡ್ರಮ್ ಬಾರಿಸಲು ಡೆನೀಸ್ ಸಿಕ್ಕಿದ್ದು ಹುಡುಕಿ ಅಲ್ಲ, ಅವಳೇ ಜಗಳಕ್ಕೆ ಬಂದು. ಡೆನೀಸ್ ಸ್ಕೂಲ್ ಬಸ್ ಓಡಿಸುವವಳು, ಇಲ್ಲಿಯವಳೇ, ಗಟ್ಟಿ ಆಳು. ಮನೆಗೆ ನೀರು ನುಗ್ಗಿ ರಿಪೇರಿ ನಡೆಯುತ್ತಿದ್ದುದರಿಂದ ಹದಿನೈದು ದಿನ ವಿಲ್ಲಿಯ ಮೋಟೆಲಿನಲ್ಲಿದ್ದಳು. ಒಂದು ಭಾನುವಾರ ಮಧ್ಯಾಹ್ನ ಲಾಂಡ್ರಿ ರೂಮಿನ ಬಾಗಿಲು ದಡಾರನೆ ತೆರೆದುಕೊಂಡಿತು.

ವಿಲ್ಲಿ ಕೈಮುಗಿದು, “ಸಾರಿ ಮ್ಯಾಮ್, ಸೌಂಡ್ ಕಮ್ಮಿ ಮಾಡ್ತೇವೆ” ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡ.

ಸೌಂಡು ಎಷ್ಟು ಬೇಕಾದರೂ ಇರಲಿ, ತಾಳ ಸಹಿಸಲು ಆಗುತ್ತಿಲ್ಲ ಎಂದಳು ಡೆನೀಸ್. ಅಷ್ಟೇ ಅಲ್ಲ, ಅಲ್ಲಿದ್ದ ಡ್ರೈಯರಿನ ತಗಡಿನ ಮೇಲೆ ಎರಡೂ ಅಂಗೈಯಿಂದ ಬಡಿಯುತ್ತ, ಹೀಗೆ, ಹೀಗೆ ಎಂದು ತೋರಿಸಿದಳು. ಭಾವ ಹಾಡತೊಡಗಿದರು. ಮೀನಿನ ಹಾಡು ಮೊಟ್ಟಮೊದಲ ಬಾರಿಗೆ ಶುರುವಾದ ವೇಗದಲ್ಲೇ ಮುಗಿಯಿತು! ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬ್ಯಾಂಡು ಆಯಿತು.

ಒಂದೇ ತೊಡಕು. ಬಸ್ಸಿನ ಮಕ್ಕಳನ್ನೆಲ್ಲ ಕರೆದು ಕರೆದು ಅಭ್ಯಾಸವಾಗಿ ಡೆನೀಸ್ ಎಲ್ಲರನ್ನೂ ‘ಹನಿ’ ಎನ್ನುತ್ತಾಳೆ. ಮೊದಲ ಸಲ ಮನೆಗೆ ಬಂದಾಗ ಭಾವನಿಗೆ, “ಹನಿ, ಆ ಕಾಫಿ ಇತ್ತ ಕೊಡು” ಎಂದಳು. ಅವಳು ಹೋದ ಮೇಲೆ ಭಾವ, “ಅವಳು ಎಲ್ಲರಿಗೂ ಹಾಗೇ ಅಂತಾಳೆ ಕಣೆ” ಎಂದು ಸಮಜಾಯಿಷಿ ಕೊಟ್ಟರು. “ಇಪ್ಪತ್ತು ವರ್ಷ ಸಂಸಾರ ಮಾಡಿದ್ದೀನಿ, ನಾನು ಅಂದಿದ್ದೀನಾ?” ಎಂದಳು ಅಕ್ಕ. ಮಾರನೆಯ ವಾರ ಡೆನೀಸ್ ಅಕ್ಕನನ್ನೂ ಹನಿ ಎಂದಳು. ಅಲ್ಲಿಂದ ಮುಂದೆ ಡೆನೀಸ್‌ಗೆ ನಮ್ಮ ಮನೆಯಲ್ಲಿ ಕಾಫಿಯ ಜೊತೆ ಕೋಡುಬಳೆಯೂ ಸಿಗತೊಡಗಿತು.

ಮೊದಲ ಕಾರ್ಯಕ್ರಮ ಬ್ರೂಕ್ಲಿನ್‌ನ ಒಂದು ಬಾರಿನಲ್ಲಿ. ನಾಲ್ಕು ಬ್ಯಾಂಡುಗಳಲ್ಲಿ ಎಲ್ಲಕ್ಕಿಂತ ಅಪರಿಚಿತರಿಗೆ ಎಲ್ಲಕ್ಕಿಂತ ಮೊದಲ ಸರದಿ. ಸಂಜೆ ಆರಕ್ಕೇ ಸ್ಟೇಜು ಹತ್ತಿಸಿದರು. ಹೊರಗೆ ಇನ್ನೂ ಕಣ್ಣು ಕುಕ್ಕುವ ಬಿಸಿಲು. ಪ್ರೇಕ್ಷಕರು ಯಾರ್ಯಾರು? ಅಕ್ಕ, ನಾನು, ಗ್ಲಾಸು ಒರೆಸುತ್ತಿದ್ದ ಬಾರಿನವನು, ಮತ್ತು ಗೋಡೆಗೆ ಫೋನು ಚಾರ್ಜಿಗೆ ಹಾಕಿ ಪಕ್ಕದಲ್ಲಿ ನಿಂತಿದ್ದ ಒಬ್ಬ ಯುವಕ. ಭಾವ ಸೈಟಿನಿಂದ ನೇರವಾಗಿ ಬಂದಿದ್ದರಿಂದ ಕಿತ್ತಳೆ ಜಾಕೆಟ್ ತೆಗೆಯುವುದನ್ನೇ ಮರೆತಿದ್ದರು. ಸ್ಟೇಜಿನ ದೀಪ ಬಿದ್ದದ್ದೇ ತಡ, ಆಸಾಮಿ ಹೈವೇ ಕಾಮಗಾರಿಯ ಹಾಗೆ ಫಳಫಳ ಹೊಳೆಯತೊಡಗಿದರು! ಎಂಟು ಹಾಡು ಮುಗಿಯುವವರೆಗೂ ಆ ಯುವಕ ಕದಲಲಿಲ್ಲ.

“ನೋಡಿದ್ಯಾ? ಪಿನ್ ಟು ಪಿನ್ ಕೇಳಿದ!” ಎಂದರು ಭಾವ ಇಳಿದು ಬಂದು.

“ಅವನ ಫೋನು ಹನ್ನೆರಡು ಪರ್ಸೆಂಟ್ ಇತ್ತು ಭಾವ. ನಾನೇ ನೋಡಿದೆ.”

ಆದರೆ ಅಷ್ಟರಲ್ಲಿ ಆ ಯುವಕನೇ ಹತ್ತಿರ ಬಂದು, ಈ ಜಾಕೆಟ್ ಎಲ್ಲಿ ಸಿಗುತ್ತದೆ ಎಂದು ಕೇಳಿದ. “ಕೌಂಟಿಯವರು ಕೊಡ್ತಾರೆ, ಸೇತುವೆ ಕೆಳಗೆ ಹೋಗೋವಾಗ” ಎಂದರು ಭಾವ ಪ್ರಾಮಾಣಿಕವಾಗಿ. ಅವನಿಗೆ ಅದು ಮಹಾ ಗೂಢವಾದ ಉತ್ತರವಾಗಿ ಕೇಳಿಸಿರಬೇಕು! ಮುಂದಿನ ಕಾರ್ಯಕ್ರಮಕ್ಕೆ ತಾನೂ ಒಂದು ಕಿತ್ತಳೆ ಜಾಕೆಟ್ ಹುಡುಕಿ ತೊಟ್ಟುಕೊಂಡು ಬಂದಿದ್ದ. ಅವನೇ ಆ ನಾಲ್ಕನೆಯವನು. ಇವತ್ತಿಗೂ ಬರುತ್ತಾನೆ, ಫೋನು ಫುಲ್ ಚಾರ್ಜ್ ಇದ್ದರೂ ಬರುತ್ತಾನೆ.

ಬ್ಯಾಂಡಿನ ಖ್ಯಾತಿ ಒಂದಿಷ್ಟು ಹಬ್ಬಿದ್ದು ನಿಜ, ಆದರೆ ಅದು ಹಾಡಿನಿಂದ ಎಂದು ಎದೆ ತಟ್ಟಿ ಹೇಳಲಾರೆ. ಬಾರಿನಲ್ಲಿ ಏನೂ ತಿನ್ನಲು ಸಿಗುವುದಿಲ್ಲವೆಂದು ಅಕ್ಕ ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ ಕಲಸಿ ತರುತ್ತಿದ್ದಳು. ಸರದಿಗೆ ಕಾಯುತ್ತಿದ್ದ ಬೇರೆ ಬ್ಯಾಂಡಿನ ಹುಡುಗ ಹುಡುಗಿಯರು, ಬೆಳಗಿನಿಂದ ಚಿಪ್ಸ್ ಮೇಲೆ ಬದುಕಿದ್ದವರು, ಒಗ್ಗರಣೆಯ ವಾಸನೆ ಹಿಡಿದು ಒಬ್ಬೊಬ್ಬರಾಗಿ ಬಂದರು. ಅಲ್ಲಿಂದ ಆಹ್ವಾನದ ಮೇಲೆ ಆಹ್ವಾನ! ಒಂದು ಪತ್ರದ ಕೊನೆಯ ಸಾಲನ್ನು ನಾನೇ ಓದಿದ್ದೇನೆ: ‘ಬ್ಯಾಂಡಿನವರು ಬರಲಾಗದಿದ್ದರೆ ಅನ್ನವನ್ನಾದರೂ ಕಳಿಸಿ.’

ನಮ್ಮ ಕನ್ನಡದವರು ಮಾತ್ರ ಮೋಸ ಹೋಗುವವರಲ್ಲ. ಅವರಿಗೆ ಪುಳಿಯೋಗರೆ ಹೊಸದಲ್ಲವಲ್ಲ! ಒಮ್ಮೆ ರಾಜ್ಯೋತ್ಸವಕ್ಕೆ ಭಾವನ ಬ್ಯಾಂಡಿಗೂ ಹತ್ತು ನಿಮಿಷ ಕೊಟ್ಟರು. ಸ್ಕೂಲಿನ ಆಡಿಟೋರಿಯಮ್ಮು, ತುಂಬಿದ ಸಭೆ. ಭಾವ ಮೂರು ದಿನ ನಿದ್ದೆಗೆಟ್ಟು ಡಿಹ್ಯುಮಿಡಿಫೈಯರ್ ಹಾಡನ್ನು ಕನ್ನಡಕ್ಕೆ ಇಳಿಸಿದ್ದರು. ಸ್ಟೇಜು ಹತ್ತುವ ಮೊದಲು ಗಿಟಾರಿನ ಶ್ರುತಿಯನ್ನು ನಾಲ್ಕು ಸಲ ಸೇರಿಸಿ ನೋಡಿದರು. ಬಾರಿನ ಅಪರಿಚಿತರ ಮುಂದೆ ಹಾಡುವುದು ಬೇರೆ, ಶಾಲು ಹೊದ್ದು ಕೂತ ನಮ್ಮವರ ಮುಂದೆ ಹಾಡುವುದು ಬೇರೆ.

ನಿರೂಪಕಿ ಚೀಟಿ ನೋಡಿಕೊಂಡು, “ಈಗ ತಮ್ಮ ಮುಂದೆ... ಬ್ರಿಡ್ಜ್... ಮೇ ತಿಂಗಳ... ಐಸ್?” ಎಂದು ತೊದಲಿ, “ಆರ್ಕೆಸ್ಟ್ರಾ!” ಎಂದು ಮುಗಿಸಿದಳು. ಮುಂದಿನ ಸಾಲಿನಿಂದ ಒಬ್ಬ ಅಂಕಲ್, “ಯಾವುದಾದ್ರೂ ಹಳೇ ಫಿಲ್ಮ್ ಸಾಂಗ್ ಹೊಡೀರಿ ಸಾರ್” ಎಂದರು. ಭಾವ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಹಾಡಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಯಾರೋ ಹಿಂದಿನ ಬಾಗಿಲು ತೆರೆದು, “ಊಟ ರೆಡಿ ಇದೆ! ಮಕ್ಕಳಿರೋರು ಮೊದಲು ಬನ್ನಿ” ಎಂದು ಕೂಗಿದರು. ಆಹಾ! ಮಕ್ಕಳಿಲ್ಲದವರೂ ಎದ್ದರು. ನಿಮಿಷದೊಳಗೆ ಸಭೆ ಖಾಲಿ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮಾತ್ರ ಉಳಿದಿದ್ದರು, ಅವರೂ ನಿದ್ದೆಯಲ್ಲಿ.

ಭಾವ ನಿಲ್ಲಿಸಲಿಲ್ಲ. ಅಜ್ಜಿಗೆ ಎಚ್ಚರವಾಗದ ಹಾಗೆ ದನಿ ತಗ್ಗಿಸಿ ಹಾಡು ಮುಗಿಸಿದರು. ಡೆನೀಸ್ ಡ್ರಮ್ಮನ್ನು ಬೆರಳ ತುದಿಯಿಂದ ತಟ್ಟಿದಳು. ಕಾರಿನಲ್ಲಿ ಬರುತ್ತ ವಿಲ್ಲಿಯೇ, “ಬಿಡು ಮಾರಾಯ. ಬಿಸಿಬೇಳೆ ಬಾತಿನ ಎದುರಿಗೆ ಯಾವ ಬ್ಯಾಂಡ್ ನಿಲ್ತದೆ?” ಎಂದ. ಭಾವ ನಕ್ಕರು. ಆದರೆ ಆ ಕನ್ನಡದ ಸಾಲುಗಳನ್ನು ಮತ್ತೆ ಎಂದೂ ಹಾಡಲಿಲ್ಲ.

ಹಾಗಂತ ಯಶಸ್ಸು ಬಾಗಿಲು ತಟ್ಟಲೇ ಇಲ್ಲ ಎನ್ನಬೇಡಿ. ತಟ್ಟಿತು. ಭಾವನೇ ಚಿಲಕ ಹಾಕಿಕೊಂಡರು! ಪಿಸ್ಕಾಟವೇ ಕಡೆಯ ವಿದ್ಯಾರ್ಥಿಗಳ ರೇಡಿಯೋದಲ್ಲಿ ಡಿಹ್ಯುಮಿಡಿಫೈಯರ್ ಹಾಡು ಒಂದೆರಡು ಸಲ ಬಂತು. ಅದನ್ನು ಕೇಳಿದ ಒಬ್ಬ ವ್ಯಾಪಾರಿ, ಬೇಸ್‌ಮೆಂಟ್ ಒಣಗಿಸುವ ಕೆಲಸದವನು, ತನ್ನ ಜಾಹೀರಾತಿಗೆ ಹಾಡು ಬೇಕೆಂದು ಫೋನು ಮಾಡಿದ. ಅಕ್ಕ ಕಣ್ಣರಳಿಸಿ ನಿಂತಿದ್ದಳು. ಭಾವ ಗಂಭೀರವಾಗಿ, “ಕ್ಷಮಿಸಿ, ನೀವು ಹಾಡನ್ನ ಸರಿಯಾಗಿ ಕೇಳಿಲ್ಲ. ಅದು ಡಿಹ್ಯುಮಿಡಿಫೈಯರ್‌ಗೆ ವಿರುದ್ಧವಾದ ಹಾಡು” ಎಂದು ಫೋನು ಇಟ್ಟರು. ಅಕ್ಕ ಅವರೊಡನೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, “ಹೋಗಲಿ, ನಮ್ಮ ಬೇಸ್‌ಮೆಂಟನ್ನಾದ್ರೂ ಒಣಗಿಸಿಕೊಡಿ ಅಂತ ಕೇಳಬಹುದಿತ್ತು” ಎಂದಳು.

ಬ್ಯಾಂಡು ಒಡೆದದ್ದು ಹಣಕ್ಕಲ್ಲ, ಹೆಣ್ಣಿಗಲ್ಲ, ಒಂದು ‘ಹೇ’ಗೆ. ಎಲೆ ಊದುವ ಯಂತ್ರದ ಹಾಡಿನಲ್ಲಿ ಚರಣ ಮುಗಿದಾಗ ವಿಲ್ಲಿ ಮೈಕಿಗೆ ಬಾಗಿ “ಹೇ!” ಎನ್ನಬೇಕು. ಅಷ್ಟೇ ಅವನ ಗಾಯನ. ರೆಕಾರ್ಡ್ ಮಾಡಿದಾಗ ಭಾವ, ಹಾಡಿನ ಗಾಂಭೀರ್ಯಕ್ಕೆ ಕುಂದು ಎಂದು ಆ ‘ಹೇ’ಯನ್ನು ಕತ್ತರಿಸಿಬಿಟ್ಟರು. ಎಲೆ ಊದುವ ಯಂತ್ರದ ಗಾಂಭೀರ್ಯ!

ವಿಲ್ಲಿ ಪೂರ್ತಿ ಕೇಳಿ ಹೆಡ್‌ಫೋನ್ ಕೆಳಗಿಟ್ಟ. “ನನ್ನದು ಎಲ್ಲಿ?”

“ಅಲ್ಲಿ ಬೇಕಿರಲಿಲ್ಲ ಕಣೋ.”

“ಹನ್ನೊಂದು ವರ್ಷ ಆಯ್ತು. ಆ ಒಂದಕ್ಕೋಸ್ಕರ ನಾನು ಕಾಯ್ತಾ ನಿಲ್ಲೋದು ಮಾರಾಯ. ಅದೂ ಬೇಡ್ವಾ ನಿನಗೆ?” ಎಂದವನೇ ಬೇಸ್ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಹೊರಟುಹೋದ.

ಐದು ತಿಂಗಳು. ಭಾವ ಫೋನು ಮಾಡಲಿಲ್ಲ, ವಿಲ್ಲಿಯೂ ಮಾಡಲಿಲ್ಲ. ಡೆನೀಸ್ ಇಬ್ಬರ ಮನೆಗೂ ಬಂದು, ತನ್ನ ಬಸ್ಸಿನ ಒಂದನೇ ಕ್ಲಾಸಿನ ಮಕ್ಕಳೇ ವಾಸಿ ಎಂದು ಬೈದು ಹೋದಳು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ವಿಲ್ಲಿಯ ಮೋಟೆಲಿನ ಹಿಂದೆ ಒಂದು ಹಳ್ಳ, ಅದರ ಮೇಲೊಂದು ಪುಟ್ಟ ಸೇತುವೆ. ಎರಡು ವರ್ಷಕ್ಕೊಮ್ಮೆ ನೋಡಿದರೆ ಸಾಕಾದ ಸೇತುವೆ. ಭಾವ ಅದನ್ನು ಒಂದೇ ತಿಂಗಳಲ್ಲಿ ನಾಲ್ಕು ಸಲ ತಪಾಸಣೆ ಮಾಡಿದರು! ಕಿತ್ತಳೆ ಜಾಕೆಟ್ ಹಾಕಿಕೊಂಡು ಟಣ್, ಟಣ್, ಟಣ್. ನಾಲ್ಕನೆಯ ಸಲ ವಿಲ್ಲಿಗೆ ತಡೆಯಲಾಗಲಿಲ್ಲ. ಚಹಾದ ಎರಡು ಲೋಟ ಹಿಡಿದು ಹಳ್ಳದ ದಂಡೆಗೆ ಬಂದ.

“ಎಂಥ, ಸೇತುವೆ ಬೀಳ್ತದಾ?”

“ಇಲ್ಲ.”

“ಮತ್ತೆ?”

ಭಾವ ಸೇತುವೆಯ ಕೆಳಗಿನಿಂದಲೇ, ಮುಖ ತೋರಿಸದೆ ಹೇಳಿದರು: “ಹೇ ವಾಪಸ್ ಹಾಕಿದ್ದೀನಿ.”

ವಿಲ್ಲಿ ಒಂದು ಲೋಟವನ್ನು ದಂಡೆಯ ಕಲ್ಲಿನ ಮೇಲಿಟ್ಟು, “ಚಹಾ ಆರ್ತದೆ, ಹತ್ತಿ ಬಾ” ಎಂದ. ಆ ಭಾನುವಾರ ಲಾಂಡ್ರಿ ರೂಮಿನ ದೀಪ ಮತ್ತೆ ಹತ್ತಿತು. ಇದನ್ನೆಲ್ಲ ನನಗೆ ಹೇಳಿದ್ದು ವಿಲ್ಲಿ. ಭಾವನನ್ನು ಕೇಳಿದರೆ ಈಗಲೂ, “ಆ ಸೇತುವೇಲಿ ಒಂದು ಕ್ರ್ಯಾಕ್ ಡೌಟ್ ಇತ್ತು” ಎನ್ನುತ್ತಾರೆ.

ಹೀಗೆ ನಗುತ್ತ ಜಗಳಾಡುತ್ತ ಇನ್ನೊಂದಷ್ಟು ವರ್ಷ ಸಾಗಿತು. ನಾನಂತೂ ಓದು ಮುಗಿಸಿ ಕೆಲಸ ಹಿಡಿದು ಮಾರಿಸ್‌ಟೌನ್‌ಗೆ ಬಂದು ಎಷ್ಟೋ ಕಾಲವಾಗಿತ್ತು. ಬ್ಯಾಂಡು ದೊಡ್ಡದಾಗಲಿಲ್ಲ, ಸಣ್ಣದೂ ಆಗಲಿಲ್ಲ. ಹೋದ ಚಳಿಗಾಲದ ಒಂದು ಬೆಳಗ್ಗೆ ಅಕ್ಕ ಫೋನು ಮಾಡಿದಳು. ಮೋಟೆಲಿನ ಕೌಂಟರಿನಲ್ಲಿ ರೂಮಿನ ಕೀ ಕೊಡುತ್ತಿದ್ದ ವಿಲ್ಲಿಯ ಕೈಯಿಂದ ಕೀ ಜಾರಿ ಬಿತ್ತಂತೆ. ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಸ್ಟ್ರೋಕ್.

ಜೀವ ಉಳಿಯಿತು. ಮಾತು ಉಳಿಯಿತು. ಕೋಲು ಹಿಡಿದು ನಡೆಯುವಷ್ಟೂ ಆದ. ಎಡಗೈ ಮಾತ್ರ ಅವನ ಮಾತು ಕೇಳಲಿಲ್ಲ. ಬೇಸ್ ಗಿಟಾರಿನಲ್ಲಿ ಬಲಗೈ ತಂತಿ ಮೀಟುತ್ತದೆ ಅಷ್ಟೆ. ಸ್ವರ ಯಾವುದೆಂದು ತೀರ್ಮಾನಿಸುವುದು ಗಿಟಾರಿನ ಉದ್ದ ಕತ್ತಿನ ಮೇಲೆ ತಂತಿ ಒತ್ತುವ ಎಡಗೈ. ಡಾಕ್ಟರು ಬರುತ್ತದೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ವಿಲ್ಲಿಯನ್ನು ಕೈಕಾಲಿನ ಅಭ್ಯಾಸಕ್ಕೆಂದು ಕೆಲವು ವಾರ ಮಾರಿಸ್‌ಟೌನ್‌ನ ಒಂದು ಕೇಂದ್ರದಲ್ಲಿ ಇಟ್ಟಿದ್ದರು. ನನ್ನ ಮನೆಗೆ ಹತ್ತಿರವೆಂದು ಭಾವ ದಿನಾ ಕೆಲಸ ಮುಗಿಸಿ ಬಂದು, ಅವನನ್ನು ನೋಡಿ, ನನ್ನಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಹಾಡಿನ ಮಾತೇ ಇಲ್ಲ. ಆ ದಿನಗಳಲ್ಲಿ ಬೇಸ್‌ಮೆಂಟಿಗೂ ಇಳಿಯಲಿಲ್ಲವಂತೆ. “ಮನೆ ತಣ್ಣಗಿದೆ ಕಣೆ. ನನಗೆ ಈ ತಣ್ಣಗಿರೋದು ಬೇಡ” ಎಂದಳು ಅಕ್ಕ ಫೋನಿನಲ್ಲಿ, ಅಷ್ಟು ವರ್ಷ ಗೊಣಗಿದವಳು!

ಸುದ್ದಿ ಗೊತ್ತಾಗಿ, ಚೆನ್ನಾಗಿ ನುಡಿಸುವವನೊಬ್ಬ ತಾನು ಬರಲು ಸಿದ್ಧ ಎಂದು ಪತ್ರ ಕಳಿಸಿದ. ಭಾವ ಒಂದೇ ಸಾಲಿನ ಉತ್ತರ ಬರೆದರು: ‘ಧನ್ಯವಾದ. ಜಾಗ ಖಾಲಿ ಇಲ್ಲ.’

“ಖಾಲಿ ಇಲ್ದೆ ಮತ್ತೇನು ಭಾವ? ವಿಲ್ಲಿಗೆ ಆಗಲ್ವಲ್ಲ” ಎಂದೆ. ಅವರು ಕಾಫಿ ಲೋಟ ತೊಳೆದಿಟ್ಟು ಕಾರು ಹತ್ತಿದರು.

ವಿಲ್ಲಿ ಮೋಟೆಲಿಗೆ ಮರಳಿದ. ಮೊನ್ನೆ ಒಂದು ಭಾನುವಾರ ಮಧ್ಯಾಹ್ನ ಅಕ್ಕ ವಿಲ್ಲಿಯ ಮನೆಯವರಿಗೆಂದು ಮಾಡಿದ ತಿಂಡಿ ಕೊಡಲು ನನ್ನನ್ನೂ ಮೋಟೆಲಿಗೆ ಕರೆದುಕೊಂಡು ಹೋದಳು. ಪಾರ್ಕಿಂಗಿನಲ್ಲಿ ಡೆನೀಸಳ ಕಾರು ನಿಂತಿತ್ತು. ಲಾಂಡ್ರಿ ರೂಮಿನಿಂದ ಡ್ರಮ್ಮಿನ ಸದ್ದು, ಅದರ ಜೊತೆ ದಪ್ಪ ತಂತಿಯ ದನಿ! ನಿಧಾನವಾಗಿ, ತಡವರಿಸುತ್ತ, ಆದರೆ ಬರುತ್ತಿತ್ತು. ಕೈ ಸರಿಹೋಯಿತೇ ಎಂದು ನಾನು ಓಡಿದೆ.

ಕೈ ಸರಿಹೋಗಿರಲಿಲ್ಲ. ಎರಡು ಡ್ರೈಯರುಗಳ ನಡುವೆ ಒಂದು ಬೆಂಚು. ಅದರ ಮೇಲೆ ವಿಲ್ಲಿ, ತೊಡೆಯ ಮೇಲೆ ಬೇಸ್ ಗಿಟಾರು. ಅವನ ಎಡಕ್ಕೆ, ಭುಜಕ್ಕೆ ಭುಜ ಒತ್ತಿಕೊಂಡು ಭಾವ. ಮೀಟುತ್ತಿದ್ದುದು ವಿಲ್ಲಿಯ ಬಲಗೈ. ಕತ್ತಿನ ಮೇಲೆ ತಂತಿ ಒತ್ತುತ್ತಿದ್ದುದು ಭಾವನ ಎಡಗೈ. ಭಾವನ ಬಲಗೈ ವಿಲ್ಲಿಯ ಬೆನ್ನ ಹಿಂದಿನಿಂದ ಹೋಗಿ ಅವನು ವಾಲದ ಹಾಗೆ ಹಿಡಿದುಕೊಂಡಿತ್ತು. ಎದುರಿಗೆ ಡೆನೀಸ್, ತೀರ ಮೆಲ್ಲಗೆ ಒಂದು, ಎರಡು, ಮೂರು ಎಂದು ಎಣಿಸುತ್ತ.

“ಗಟ್ಟಿ ಒತ್ತು ಮಾರಾಯ, ಬುಸ್ ಅಂತದೆ.”

“ಒತ್ತಿದ್ದೀನಿ ಕಣೋ. ಬೆರಳು ಉರೀತಿದೆ.”

“ನನಗೂ ಮೊದಲ ಸಲ ಹಾಗೇ ಉರೀತಿತ್ತು. ಆಮೇಲೆ ದಡ್ಡು ಕಟ್ತದೆ. ಈಗ ಎರಡನೇ ತಂತಿ... ಅಲ್ಲ, ಕೆಳಗೆ, ಕೆಳಗೆ... ಹಾಂ.”

ಯಾರ ಮಾತೂ ಕೇಳದ ನಮ್ಮ ಭಾವ ಕೆಳಗೆ ಅಂದರೆ ಕೆಳಗೆ, ಮೇಲೆ ಅಂದರೆ ಮೇಲೆ ಬೆರಳು ಸರಿಸುತ್ತಿದ್ದರು. ಹಣೆಯ ಮೇಲೆ ಬೆವರು. ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಿದ್ದಳು, ತಿಂಡಿಯ ಡಬ್ಬಿ ಎದೆಗವಚಿಕೊಂಡು.

ನನಗೆ ಬಾಯಿ ತಡೆಯಲಿಲ್ಲ. “ಭಾವ, ನಿಮ್ಮ ಎರಡು ಕೈಯೂ ಇಲ್ಲೇ ಇದ್ರೆ ಗಿಟಾರ್ ಬಾರಿಸೋರು ಯಾರು?”

ಭಾವ ತಲೆ ಎತ್ತಲಿಲ್ಲ. ಅವರ ಕಣ್ಣೆಲ್ಲ ತಂತಿಯ ಮೇಲೆ.

“ಗಿಟಾರ್ ಇಲ್ದಿದ್ರೂ ನಡೆಯುತ್ತೆ ಕಣೆ,” ಎಂದರು. “ಸುಮ್ನಿರು ಈಗ, ಎಣಿಸೋದು ತಪ್ಪಿಹೋಗುತ್ತೆ.”

ಡೆನೀಸ್ ಮತ್ತೆ ಒಂದರಿಂದ ಶುರುಮಾಡಿದಳು.